ಯಾವ ಬೀದಿಯವರು?

ಚಾಮರಾಜನಗರದ ಹಳೇ ಊರಿನ ಮಾತು ಬಂದಾಗಲೆಲ್ಲ ಒಂದು ಹಳಹಳಿಕೆ ಕೇಳಿಬರುತ್ತದೆ. ಚಾಮರಾಜೇಶ್ವರ ದೇವಸ್ಥಾನದ ಸುತ್ತಿನ ಬೀದಿಗಳು ಮೊದಲಿನಂತಿಲ್ಲವಂತೆ. ಅಗ್ರಹಾರದಲ್ಲಿ ಬೆಳಗಿನ ಮಂತ್ರದ ದನಿ ನಿಂತಿದೆ, ಜಗಲಿಯ ಮೇಲೆ ಕೂತು ಪತ್ರಿಕೆ ಓದುವ ಹಿರಿಯರಿಲ್ಲ, ಎಷ್ಟೋ ಮನೆಗಳಿಗೆ ಬೀಗ ಬಿದ್ದಿದೆ, ಬೀಗ ಬೀಳದ ಮನೆಗಳಲ್ಲಿ ಇರುವವರು ಯಾರೋ ಏನೋ. ಹೀಗೆ ಹೇಳುವವರು ಬಹುಪಾಲು ಊರು ಬಿಟ್ಟವರೇ. ಆಷಾಢದ ತೇರಿಗೆ ಬಂದು, ದೇವರಿಗೆ ಕೈಮುಗಿದು, ಸಂಜೆಯ ಮೈಸೂರು ರೈಲು ಹತ್ತುವ ಮುನ್ನ ಹೇಳಿಹೋಗುತ್ತಾರೆ. ಅವರ ಬೇಸರ ಸುಳ್ಳಲ್ಲ. ಹುಟ್ಟಿದ ಮನೆಯ ಬಾಗಿಲಿಗೆ ತುಕ್ಕು ಹಿಡಿದ ಚಿಲಕ ನೋಡಿದರೆ ಯಾರಿಗಾದರೂ ಕರುಳು ಚುರ್ ಎನ್ನುತ್ತದೆ. ಆದರೆ ಆ ಬೇಸರ ಊರಿನ ಬಗ್ಗೆ ಕೊಡುವ ತೀರ್ಪು ಮಾತ್ರ ತಪ್ಪು. ಈ ಹಳೇ ಪೇಟೆಯಲ್ಲಿ ಜನ ವಿಪರೀತ ಬದಲಾದರು ಎಂದು ಅದು ಹೇಳುತ್ತದೆ. ಸಾಕಷ್ಟು ಬದಲಾಗಲೇ ಇಲ್ಲ ಎಂಬುದು ನನ್ನ ವಾದ.

ಮೊದಲಿನಂತೆ ಎಂದರೆ ಯಾವ ಕಾಲದಂತೆ ಎಂದು ಕೇಳಿ ನೋಡಿ. ಊರಿಗೆ ಈಗಿನ ಹೆಸರು ಬಂದದ್ದೇ 1818ರಲ್ಲಿ. ಅದಕ್ಕೆ ಮುಂಚೆ ಇದು ಅರಿಕುಠಾರ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ 1117ರಲ್ಲಿ ಇಲ್ಲಿ ಬಸದಿ ಕಟ್ಟಿಸಿದ. ಆತ ನೀಲಗಿರಿಯವರೆಗೆ ದಂಡೆತ್ತಿ ಹೋದ ಸಂಗತಿಯೂ ಇಲ್ಲಿಯ ಶಾಸನದಿಂದಲೇ ತಿಳಿಯುತ್ತದೆ. ಅಂದರೆ ಶಿವನ ತೇರು ಎಳೆಯುವ ಈ ಊರಿನ ಹಳೆಯ ಕಲ್ಲುಬರಹ ಜೈನರದು. ಪಾರ್ಶ್ವನಾಥನ ಬಸದಿ ಈಗಲೂ ಇದೆ. ಊರು ನೋಡಲು ಬಂದವರು ಅಲ್ಲಿಗೆ ಹೋಗುವುದು ಕಡಿಮೆ.

ಆಮೇಲಿನದು ಹುಟ್ಟಿನ ಕಥೆ. 1774ರಲ್ಲಿ ಅರಿಕುಠಾರದ ಅರಸು ಮನೆತನದಲ್ಲೊಂದು ಗಂಡುಮಗು ಹುಟ್ಟಿತು. ಆಮೇಲೆ ಮೈಸೂರಿನ ಸಿಂಹಾಸನಕ್ಕೆ ವಾರಸುದಾರನಿಲ್ಲದೆ ಹೈದರಾಲಿ ಹುಡುಗನನ್ನು ಹುಡುಕತೊಡಗಿದ. ಅರಸು ಮಕ್ಕಳನ್ನೆಲ್ಲ ಒಂದೆಡೆ ಸೇರಿಸಿ, ಮುಂದೆ ಆಟದ ಸಾಮಾನು ಹರಡಿಸಿದನಂತೆ. ಮಿಕ್ಕ ಮಕ್ಕಳು ಗೊಂಬೆ, ಹಣ್ಣಿಗೆ ಕೈಚಾಚಿದರೆ ಈ ಹುಡುಗ ಕಠಾರಿ ಎತ್ತಿಕೊಂಡನಂತೆ. ಇವನೇ ಅರಸ ಎಂದಾಯಿತು. ಕಥೆ ಎಷ್ಟು ನಿಜವೋ, ಕಠಾರಿ ಎತ್ತಿಕೊಂಡ ಖಾಸಾ ಚಾಮರಾಜ ಒಡೆಯರಿಗೆ ಕಠಾರಿ ಹಿಡಿಯುವ ಅವಕಾಶವನ್ನು ಹೈದರನೂ ಕೊಡಲಿಲ್ಲ, ಟಿಪ್ಪುವೂ ಕೊಡಲಿಲ್ಲ. 1796ರಲ್ಲಿ ತೀರಿಕೊಂಡರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆ ಹುಟ್ಟಿದ ಊರಿಗೆ ತಂದೆಯ ಹೆಸರಿಟ್ಟರು. 1826ರಲ್ಲಿ ದೊಡ್ಡ ದೇವಸ್ಥಾನ ಎದ್ದಿತು. ಲಿಂಗಕ್ಕೆ ತಂದೆಯ ಹೆಸರು, ಅಮ್ಮನವರಿಗೆ ತಾಯಿ ಕೆಂಪನಂಜಮ್ಮಣ್ಣಿಯ ಹೆಸರು. ಹುಟ್ಟಿದ ಜಾಗದಲ್ಲಿ ಜನನ ಮಂಟಪ. ಒಬ್ಬ ಮಗ ತನ್ನ ಅಪ್ಪ ಅಮ್ಮನನ್ನು ಚಾಮರಾಜೇಶ್ವರ, ಕೆಂಪನಂಜಾಂಬ ಎಂದು ಗರ್ಭಗುಡಿಯಲ್ಲಿ ಕೂರಿಸಿ ಅದರ ಸುತ್ತ ಊರು ಬೆಳೆಸಿದ್ದು ಕನ್ನಡ ನಾಡಿನಲ್ಲಿ ಅಪರೂಪದ ಸಂಗತಿ.

ಅಷ್ಟು ದೊಡ್ಡ ದೇವಸ್ಥಾನ ನಡೆಯಬೇಕಾದರೆ ಜನ ಬೇಕು. ಪೂಜೆಗೆ, ಪಾರಾಯಣಕ್ಕೆ, ಓಲಗಕ್ಕೆ, ಹೂವಿಗೆ, ಕಾವಲಿಗೆ, ಕಲ್ಲುಮಣ್ಣಿನ ಕೆಲಸಕ್ಕೆ. ಹಾಗೆ ಬಂದವರಿಗೆ ಬೀದಿಗಳು ಹಂಚಿಕೆಯಾದವು. ಪೂಜೆಯವರು ಗುಡಿಗೆ ಹತ್ತಿರ, ಮಣ್ಣು ಕೆಲಸದವರು ಆಚೆ, ಚಪ್ಪಲಿ ಹೊಲಿಯುವವರು ಮತ್ತೂ ಆಚೆ. ದೇವಸ್ಥಾನದಿಂದ ಎಷ್ಟು ದೂರ ಎಂಬುದೇ ಯಾರು ಎಂಬುದಕ್ಕೆ ಉತ್ತರ. ಈಗ ಹಳೆಯದೆಂದು ನಾವು ಕರೆಯುವ ಪೇಟೆ ಇನ್ನೂರು ವರ್ಷದ ಹಿಂದಿನ ಒಂದು ಹೊಸ ಬಡಾವಣೆ. ಅರಿಕುಠಾರದ ಯಾರಾದರೂ ಮುದುಕ ಆಗ ಜಗಲಿಯ ಮೇಲೆ ಕೂತು, ‘ಊರು ಮೊದಲಿನಂತಿಲ್ಲ, ಬಂದಿರುವವರು ಯಾರೋ ಏನೋ’ ಎಂದು ಗೊಣಗಿರಲೇಬೇಕು.

ಇನ್ನು ಅಗ್ರಹಾರ ಖಾಲಿಯಾದದ್ದು. ಇದಕ್ಕೆ ಕಾರಣ ಕೇಳಿದರೆ ಕಾಲ ಕೆಟ್ಟಿತು ಎಂಬ ಉತ್ತರ ಸಲೀಸಾಗಿ ಬರುತ್ತದೆ. ಕಾಲಕ್ಕೆ ಹೆಸರು, ಇಸವಿ, ಕಾಯಿದೆಯ ಕಲಮು ಎಲ್ಲ ಇದೆ. ಅಗ್ರಹಾರದ ಒಲೆ ಉರಿಯುತ್ತಿದ್ದದ್ದು ಹಳ್ಳಿಯ ಗೇಣಿಯಿಂದ. ಇನಾಮು ಜಮೀನನ್ನು ಉಳುವವನು ಬೇರೆ, ಅದರ ಭತ್ತ ರಾಗಿ ಬಂದು ಬೀಳುತ್ತಿದ್ದ ಕಣಜ ಬೇರೆ. ಮೈಸೂರು ಸರ್ಕಾರ 1954ರಲ್ಲಿ ಖಾಸಗಿ ಇನಾಮುಗಳನ್ನೂ 1955ರಲ್ಲಿ ದೇವಾದಾಯ ಇನಾಮುಗಳನ್ನೂ ರದ್ದು ಮಾಡುವ ಕಾಯಿದೆ ತಂದಿತು. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಉಳಿದಿದ್ದ ಗೇಣಿಯ ಬೇರನ್ನೂ ಕಿತ್ತಿತು. ಗೇಣಿದಾರ ಡಿಕ್ಲರೇಷನ್ ಹಾಕಿ ಖಾತೆ ಮಾಡಿಸಿಕೊಂಡ. ಅಗ್ರಹಾರದ ಮನೆಗೆ ಬಿದ್ದ ಬೀಗ, ಹಳ್ಳಿಯಲ್ಲಿ ಸೋಗೆ ಹೋಗಿ ಹೆಂಚು ಬಂದ ಸೂರು, ಇವೆರಡೂ ಒಂದೇ ಕಾಯಿದೆಯ ಎರಡು ತುದಿ. ಹಳಹಳಿಕೆಯವರು ಒಂದು ತುದಿಯನ್ನಷ್ಟೇ ಹಿಡಿದು ಮಾತಾಡುತ್ತಾರೆ.

ಗೇಣಿ ಹೋದದ್ದೊಂದೇ ಕಾರಣ ಎನ್ನುವುದೂ ಸರಿಯಲ್ಲ. ಅದಕ್ಕೂ ಮುಂಚೆಯೇ ಅಗ್ರಹಾರದ ಹುಡುಗರು ಇಂಗ್ಲಿಷ್ ಕಲಿತು ಸರ್ಕಾರಿ ನೌಕರಿಗೆ ಹೊರಟಿದ್ದರು. ನೌಕರಿಯಲ್ಲಿ ಅವರ ಪಾಲು ಎಷ್ಟಿತ್ತೆಂದರೆ, ಮಿಕ್ಕವರಿಗೂ ಅವಕಾಶ ಬೇಕೆಂಬ ಕೂಗು ಎದ್ದು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಬೇಕಾಯಿತು. 1926ರಲ್ಲಿ ನಂಜನಗೂಡಿನ ರೈಲು ಚಾಮರಾಜನಗರದ ತನಕ ಬಂತು. ರೈಲು ಬಂದ ಊರಿಗೆ ಜನ ಬರುತ್ತಾರೆ ಎಂಬುದು ರೂಢಿಯ ಮಾತು. ಕೊನೆಯ ನಿಲ್ದಾಣವಾದ ಊರಿನಿಂದ ಜನ ಹೊರಡುವುದೇ ಹೆಚ್ಚು. ಒಟ್ಟಿನಲ್ಲಿ ಅಗ್ರಹಾರದವರನ್ನು ಯಾರೂ ಓಡಿಸಲಿಲ್ಲ, ಅವರು ಮೇಲಕ್ಕೆ ಹೋದರು. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಊರು ಬಿಟ್ಟವರು ಅವರೊಬ್ಬರೇ ಏನು? 2011ರ ಗಣತಿ ನೋಡಿ. ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 10,20,791. ಹಿಂದಿನ ಹತ್ತು ವರ್ಷದಲ್ಲಿ ಜಿಲ್ಲೆ ಬೆಳೆದದ್ದು ಶೇಕಡ 6ಕ್ಕೂ ಕಡಿಮೆ; ರಾಜ್ಯ ಬೆಳೆದದ್ದು ಶೇಕಡ 15.6. ಹುಟ್ಟಿದವರು ಕಡಿಮೆಯಾಗಿ ಹೀಗಾಗಿದ್ದಷ್ಟೇ ಅಲ್ಲ, ಹೊರಟವರು ಹೆಚ್ಚಾಗಿ. ಕೊಡಗಿನ ಕಾಫಿ ತೋಟಕ್ಕೆ, ವಯನಾಡಿನ ಶುಂಠಿ ಹೊಲಕ್ಕೆ, ಬೆಂಗಳೂರಿನ ಗಾರೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ. ಜಿಲ್ಲೆಯಲ್ಲಿ ನಾಲ್ವರಿಗೊಬ್ಬರು ಪರಿಶಿಷ್ಟ ಜಾತಿಯವರು, ಅದರ ಮೇಲೆ ನೂರಕ್ಕೆ ಹನ್ನೊಂದು ಹನ್ನೆರಡು ಮಂದಿ ಪರಿಶಿಷ್ಟ ಪಂಗಡದವರು. ಕೂಲಿಗೆಂದು ಊರು ಬಿಡುವವರು ಹೆಚ್ಚಾಗಿ ಇವರೇ. ಇವರ ಕೇರಿಗಳಲ್ಲೂ ಬೀಗ ಇದೆ. ಅಗ್ರಹಾರ ಬಿಟ್ಟವರ ನೆನಪಿಗೆ ಸ್ಮರಣ ಸಂಚಿಕೆಗಳು ಬರುತ್ತವೆ, ಗುಳೆ ಹೋದವರ ನೆನಪಿಗೆ ಬರುವುದು ರೇಷನ್ ಕಾರ್ಡ್ ರದ್ದಾದ ಸುದ್ದಿ ಮಾತ್ರ.

ಖಾಲಿಯಾದ ಹಳೇ ಪೇಟೆಗೆ ಬಂದವರು ಯಾರು? ಒಂದು ಮನೆಯ ಮುಂದೆ ನಿಂತು ನೋಡಬಹುದು. ಉದ್ದಕ್ಕೆ ಜಗಲಿ, ಎಣ್ಣೆ ಕಂಡು ವರ್ಷಗಳಾದ ಮರದ ಕಂಬ, ಕಿಟಕಿಗೆ ದಪ್ಪ ಕಬ್ಬಿಣದ ಸರಳು, ಬಾಗಿಲ ಮೇಲೆ ಗಜಲಕ್ಷ್ಮಿ. ಜಗಲಿಯ ಅರ್ಧಕ್ಕೆ ಶಟರ್ ಎಳೆದು ಜೆರಾಕ್ಸ್ ಅಂಗಡಿ. ನಡುಮನೆಯಲ್ಲಿ ಸಂಜೆ ಟ್ಯೂಷನ್; ಹೊರಗೆ ಚಪ್ಪಲಿಯ ಸಾಲು. ಹಿತ್ತಲ ಕಡೆಯ ಎರಡು ಕೋಣೆಯಲ್ಲಿ ಬಾಡಿಗೆಯವರು, ಗಂಡ ಬಸ್ ಡಿಪೋದಲ್ಲಿ, ಹೆಂಡತಿ ಆಸ್ಪತ್ರೆಯಲ್ಲಿ. ತೊಟ್ಟಿಯ ಮೇಲೆ ಮಂಗ ಬಾರದಂತೆ ಕಂಬಿ, ಅದರ ಮೇಲೆ ಡಿಶ್. ಯಜಮಾನರು ಮೈಸೂರಿನ ಕುವೆಂಪುನಗರದಲ್ಲೋ ಮತ್ತೆಲ್ಲೋ. ಬಾಡಿಗೆ ಫೋನ್‌ಪೇನಲ್ಲಿ ಹೋಗುತ್ತದೆ. ಇದನ್ನು ಕಂಡು ಸಂಸ್ಕೃತಿ ಹಾಳಾಯಿತು ಎನ್ನುವವರಿಗೆ ನನ್ನದೊಂದು ತಕರಾರು: ಟ್ಯೂಷನ್‌ಗೆ ಬಂದ ಆ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ಅಜ್ಜಂದಿರು ಆ ನಡುಮನೆಗೆ ಕಾಲಿಡುವಂತಿರಲಿಲ್ಲ.

1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಈ ಬೀದಿಗಳಿಗೆ ಹೊಸ ಜೀವ ಬರಬೇಕಿತ್ತು. ಅಧಿಕಾರಿಗಳು, ಗುಮಾಸ್ತರು, ಮೇಷ್ಟ್ರುಗಳು ಸಾವಿರಾರು ಮಂದಿ ಬಂದರು. (ಈ ಊರಿಗೆ ಬಂದ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆಂಬ ನಂಬಿಕೆಯಿಂದ ಜೆ.ಎಚ್. ಪಟೇಲರು ಜಿಲ್ಲೆಯನ್ನು ಉದ್ಘಾಟಿಸಿದ್ದು ಊರಿಂದ ದೂರದ ಮಹದೇಶ್ವರ ಬೆಟ್ಟದಲ್ಲಿ. ಮದುವೆ ಒಂದೂರಲ್ಲಿ, ಆರತಕ್ಷತೆ ಮತ್ತೊಂದೂರಲ್ಲಿ ಮಾಡಿದ ಹಾಗಾಯಿತು.) ಬಂದವರಲ್ಲಿ ಅನೇಕರು ಇಲ್ಲಿ ಮನೆ ಮಾಡಲಿಲ್ಲ. ಮೈಸೂರಿನಿಂದ ಬೆಳಗ್ಗೆ ರೈಲಿಗೆ ಬಂದು ಸಂಜೆ ರೈಲಿಗೆ ಹೊರಡುತ್ತಾರೆ. ನೌಕರರು ಕೇಂದ್ರಸ್ಥಾನದಲ್ಲಿ ವಾಸಿಸಬೇಕೆಂಬ ಆದೇಶ ಆಗಾಗ ಹೊರಟು ಆಗಾಗ ಮರೆತುಹೋಗುತ್ತದೆ. ಕಚೇರಿಗಳು ಜೋಡಿರಸ್ತೆಗೆ, ವೈದ್ಯಕೀಯ ಕಾಲೇಜು ಊರಾಚೆಯ ಯಡಪುರಕ್ಕೆ ಹೋದವು. ಹಳೇ ಪೇಟೆಗೆ ಉಳಿದದ್ದು ತೇರಿನ ಬೀದಿ, ಅಂಗಡಿ ಬೀದಿ, ಗಣಪತಿ ಮೆರವಣಿಗೆ.

ಆ ಜೋಡಿರಸ್ತೆಗೆ ಬಿ. ರಾಚಯ್ಯನವರ ಹೆಸರಿದೆ. ತಾಲ್ಲೂಕಿನ ಆಲೂರಿನ ದಲಿತ ಕುಟುಂಬದಿಂದ ಬಂದು ಮಂತ್ರಿಯಾಗಿ, ಕೇರಳದ ರಾಜ್ಯಪಾಲರಾದವರು. ಲೋಕಸಭೆಗೆ ಇದು ಮೀಸಲು ಕ್ಷೇತ್ರ. ವಿಧಾನಸಭೆಗೆ 2008ರಿಂದ ಗೆಲ್ಲುತ್ತಿರುವ ಸಿ. ಪುಟ್ಟರಂಗಶೆಟ್ಟಿಯವರು ಉಪ್ಪಾರ ಸಮುದಾಯದವರು, ಒಂದು ಕಾಲಕ್ಕೆ ಉಪ್ಪು ತೆಗೆದು, ಆಮೇಲೆ ಕೆರೆ ಕಟ್ಟೆಯ ಮಣ್ಣು ಹೊತ್ತ ಜನ. ಅಧಿಕಾರ ಬೀದಿಯಿಂದ ಬೀದಿಗೆ ದಾಟಿತು ಎಂಬುದರಲ್ಲಿ ಅನುಮಾನ ಬೇಡ. ಮನೆಯ ವಿಳಾಸ ಅಷ್ಟು ಸುಲಭವಾಗಿ ದಾಟಲಿಲ್ಲ.

ಈ ಸೀಮೆಯಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಹೋದವರಿಗೆ ಒಂದು ಪ್ರಶ್ನೆ ಗೊತ್ತು. ಜಾತಿ ಯಾವುದು ಎಂದು ಯಾರೂ ಕೇಳುವುದಿಲ್ಲ, ಅದು ಅಸಭ್ಯ. ಯಾವೂರು ಎಂದು ಕೇಳುತ್ತಾರೆ. ಊರು ಹೇಳಿದಿರಿ. ‘ಅಲ್ಲಿ ಯಾವ ಬೀದಿಯವರು?’ ಅಲ್ಲಿಗೆ ಮುಗಿಯಿತು. ಉಪ್ಪಾರ ಬೀದಿ, ನಾಯಕರ ಬೀದಿ, ಕುರುಬರ ಬೀದಿ, ಹೊಸ ಬಡಾವಣೆ, ಯಾವುದು ಹೇಳಿದರೂ ಕೇಳುವವನ ಮನಸ್ಸಿನಲ್ಲಿ ಒಂದು ಖಾನೆ ತೆರೆಯುತ್ತದೆ. ಉತ್ತರ ಇಷ್ಟವಾಗದಿದ್ದರೆ ಇಲ್ಲ ಎಂದೂ ಹೇಳುವುದಿಲ್ಲ. ‘ಕೊಡಕ ನಂಗೇನೂ ಇಲ್ಲ ಕನಣ್ಣ, ಪಕ್ಕದ ಮನೆಯವ್ರು ಒಪ್ಪದಿಲ್ಲ’ ಎನ್ನುತ್ತಾರೆ. ಪಕ್ಕದ ಮನೆಯವರನ್ನು ಕೇಳಿದರೆ ಅವರೂ ಅದನ್ನೇ ಹೇಳುತ್ತಾರೆ. ಹೀಗೆ ಇಡೀ ಬೀದಿಯಲ್ಲಿ ಜಾತಿ ನೋಡುವವರು ಒಬ್ಬರೂ ಇರುವುದಿಲ್ಲ, ಎಲ್ಲರೂ ಪಕ್ಕದವರಿಗೆ ಅಂಜಿ ಬದುಕುವ ಪಾಪದವರೇ.

ಇದು ಅಗ್ರಹಾರದ ಕಥೆ ಮಾತ್ರ ಎಂದುಕೊಂಡರೆ ಅನ್ಯಾಯವಾಗುತ್ತದೆ. ಬ್ರಾಹ್ಮಣರು ಬಿಟ್ಟುಹೋದ ಮನೆ ಕೊಂಡ ಬೇರೆ ಜಾತಿಯವರು ಮನೆಯ ಜೊತೆಗೆ ಬಾಗಿಲಲ್ಲಿ ಕೇಳುವ ಪ್ರಶ್ನೆಯನ್ನೂ ಕ್ರಯಕ್ಕೆ ತೆಗೆದುಕೊಂಡಿದ್ದಾರೆ. ಮಾಂಸ ಬೇಯಿಸುವ ಮನೆಯವರೇ ತಮ್ಮ ಖಾಲಿ ಮನೆಗೆ ‘ವೆಜ್‌ನವರಿಗೆ ಮಾತ್ರ’ ಎಂದು ಬೋರ್ಡ್ ತೂಗುಹಾಕುವುದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಅಡಿಗೆಯ ವಾಸನೆ ಅಲ್ಲಿ ನೆಪ. ಜನ ಬದಲಾಗಿಯೂ ಬೀದಿ ಬದಲಾಗಲಿಲ್ಲ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಬೀದಿ ಎಂಬುದು ಇಲ್ಲಿ ಬರೀ ದಾರಿಯಲ್ಲ. ಅದಕ್ಕೆ ಯಜಮಾನರಿದ್ದಾರೆ, ಚಾವಡಿಯಿದೆ, ದಂಡ ಹಾಕುವ ಅಧಿಕಾರವಿದೆ. ಸರ್ಕಾರವೂ ಇದನ್ನೊಪ್ಪಿ ಬೀದಿ ಲೆಕ್ಕದಲ್ಲೇ ಸವಲತ್ತು ಹಂಚುತ್ತದೆ. ನೀರಿನದೇ ನೋಡಿ. ಬರಗಾಲದ ದಿನಗಳಲ್ಲಿ ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಗುಂಡ್ಲುಪೇಟೆಯವರು. ನೀರು ಬಂತು, ದೊಡ್ಡ ಕೆಲಸವೇ ಅದು. ಆಮೇಲಿನ ವರ್ಷಗಳಲ್ಲಿ ಬೀದಿಗೊಂದು ತೊಂಬೆ ನಿಂತಿತು. ಒಂದೇ ಬಾವಿಯ ಜಗಳವನ್ನು ಬಗೆಹರಿಸುವ ಬದಲು ಪ್ರತಿ ಬೀದಿಗೂ ಬೇರೆ ನಲ್ಲಿ ಕೊಟ್ಟು ನಾವು ಜಗಳವನ್ನು ದಾಟಿಕೊಂಡೆವು. ದಾಟಿಕೊಂಡದ್ದು ಎಷ್ಟರ ಮಟ್ಟಿಗೆ ಎಂಬುದು 2022ರ ನವೆಂಬರಿನಲ್ಲಿ ಗೊತ್ತಾಯಿತು. ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ಮದುವೆಗೆಂದು ಬಂದಿದ್ದ ದಲಿತ ಮಹಿಳೆಯೊಬ್ಬರು ಮೇಲ್ಜಾತಿಯವರ ಬೀದಿಯ ತೊಂಬೆಯಲ್ಲಿ ನೀರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಖಾಲಿಮಾಡಿ ತೊಳೆದರು. ಸುದ್ದಿಯಾಯಿತು, ಪ್ರಕರಣ ದಾಖಲಾಯಿತು, ಅಧಿಕಾರಿಗಳು ಬಂದು ದಲಿತರನ್ನು ಊರಿನ ಎಲ್ಲ ತೊಂಬೆಗಳಿಗೆ ಕರೆದೊಯ್ದು ನೀರು ಕುಡಿಸಿದರು. ಬೀದಿಗೊಂದು ತೊಂಬೆ ಯಾಕಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

‘ನಮ್ಮ ಮನೆ, ನಮ್ಮಿಷ್ಟ’ ಎಂಬ ಮಾತಿಗೆ ಬರೋಣ. ನನ್ನ ವಾದದ ಎದುರು ಇರುವ ಗಟ್ಟಿ ಮಾತು ಇದೊಂದೇ. ಸ್ವಂತ ಸೂರಿನಡಿ ಯಾರನ್ನು ಇಟ್ಟುಕೊಳ್ಳಬೇಕೆಂದು ಹೇಳಲು ಸರ್ಕಾರ ಯಾರು? ಕಾನೂನು ಇದಕ್ಕೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದೆ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ ಯಾವುದೇ ಊರಿನ ಯಾವುದೇ ಭಾಗದಲ್ಲಿ ಮನೆ ಕಟ್ಟಲು, ಕೊಳ್ಳಲು, ವಾಸಿಸಲು ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿಪಡಿಸುವುದು ಅಪರಾಧ ಎನ್ನುತ್ತದೆ. ಅದೇ ದೇಶದ ಸುಪ್ರೀಂ ಕೋರ್ಟ್ 2005ರಲ್ಲಿ ಅಹಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘವೊಂದು ತನ್ನ ನಿವೇಶನಗಳನ್ನು ಪಾರ್ಸಿಗಳಿಗಷ್ಟೇ ಮೀಸಲಿಡಬಹುದು ಎಂದಿತು. ಇನ್ನು ಪಕ್ಕದ ಮನೆಯವರ ಹೆಸರಿನಲ್ಲಿ ಹೇಳಿದ ಇಲ್ಲವನ್ನು ಯಾವ ಠಾಣೆಯಲ್ಲಿ ಸಾಬೀತು ಮಾಡುವುದು? ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿಯ ಸುತ್ತ ಬಾಡಿಗೆ ಮನೆ ಕೇಳಿಸಿ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ ಹೆಸರಿನವರಿಗೆ ತೆರೆದ ಬಾಗಿಲು ದಲಿತ ಹೆಸರಿಗೆ ಮುಚ್ಚುತ್ತದೆ, ಮುಸ್ಲಿಂ ಹೆಸರಿಗೆ ಇನ್ನೂ ಹೆಚ್ಚು ಮುಚ್ಚುತ್ತದೆ ಎಂದು ಅದು ತೋರಿಸಿತು. ಅಮೆರಿಕದಲ್ಲಿ ಕರಿಯರಿಗೆ ಮನೆ ಮಾರಬಾರದೆಂಬ ಕರಾರುಗಳನ್ನು ಜಾರಿಮಾಡಲು ಕೋರ್ಟು 1948ರಲ್ಲೇ ನಿರಾಕರಿಸಿತು. 1968ರಲ್ಲಿ ಬಾಡಿಗೆಯ ತಾರತಮ್ಯಕ್ಕೂ ಕಾನೂನು ಬಂತು. ಅಲ್ಲಿ ಬೇಲಿ ಪೂರ್ತಿ ಬಿದ್ದಿಲ್ಲ. ಆದರೆ ಬೇಲಿ ಇದೆ ಎಂದು ಒಪ್ಪಿಕೊಂಡರು. ನಾವಿನ್ನೂ ಪಕ್ಕದ ಮನೆಯತ್ತ ಬೆರಳು ತೋರಿಸುತ್ತಿದ್ದೇವೆ.

ಮತ್ತೊಂದು ಮಾತು, ತೇರಿನ ಬೀದಿ ಖಾಸಗಿಯೇ? 2017ರ ಫೆಬ್ರುವರಿಯಲ್ಲಿ ಚಾಮರಾಜೇಶ್ವರನ ದೊಡ್ಡ ತೇರಿಗೆ ಬೆಂಕಿ ಬಿತ್ತು. ಹೊಸ ತೇರು ಬರುವ ತನಕ ರಥೋತ್ಸವ ನಿಂತೇಹೋಯಿತು. ಆಷಾಢದಲ್ಲಿ ಬೇರೆಬೇರೆಯಾಗಿರುವ ಹೊಸ ಜೋಡಿಗಳು ಒಟ್ಟಿಗೆ ಬಂದು ತೇರಿಗೆ ಹಣ್ಣು ಜವನ ಎಸೆಯುವ ಜಾತ್ರೆ ಇದು. ಐದು ವರ್ಷ ಮದುವೆಯಾದವರಿಗೆಲ್ಲ ಆ ಭಾಗ್ಯ ತಪ್ಪಿತು. 2022ರ ಜುಲೈನಲ್ಲಿ ಹೊಸ ತೇರು ಹರಿದಾಗ ಜಿಲ್ಲೆಯೇ ಬಂದು ನಿಂತಿತ್ತು. ದೇವಸ್ಥಾನ ಮುಜರಾಯಿ ಇಲಾಖೆಯದು, ರಸ್ತೆ ನಗರಸಭೆಯದು, ಹಗ್ಗಕ್ಕೆ ಕೈಹಾಕುವವರು ಎಲ್ಲರೂ. ಎಲ್ಲರ ದುಡ್ಡಿನಿಂದ ನಡೆಯುವ ಬೀದಿಯ ಅಕ್ಕಪಕ್ಕ ಯಾರು ಬಾಳಬಹುದು ಎಂಬುದನ್ನು ಜಗಲಿಯ ಪಿಸುಮಾತು ತೀರ್ಮಾನಿಸುವುದು ಸರಿಯಲ್ಲ.

ಇದೇ ಸೀಮೆಯಲ್ಲಿ ಬೇರೆ ಪರಂಪರೆಯೂ ಇದೆ. ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿ ಸೇವೆ ನಡೆಯುತ್ತದೆ. ಬಯಲಲ್ಲಿ ಬಿಡಾರ ಹೂಡಿ, ಮಾಂಸ ಬೇಯಿಸಿ, ಜಾತಿ ಮತ ಎನ್ನದೆ ಸಾಲಾಗಿ ಕೂತು ಉಣ್ಣುತ್ತಾರೆ. ಕೂಡಿ ಬಾಳುವುದು ಹೊರಗಿನಿಂದ ಬಂದ ಆಧುನಿಕ ವಿಚಾರ ಎನ್ನುವವರು ಈ ಪಂಕ್ತಿಯಲ್ಲೊಮ್ಮೆ ಕೂತು ಬರಲಿ. ಆದರೆ ಐದು ದಿನ ಒಟ್ಟಿಗೆ ಉಂಡವರು ಆರನೆಯ ದಿನ ಅವರವರ ಬೀದಿಗೆ ಮರಳುತ್ತಾರೆ. ಜಾತ್ರೆಗೆ ಸಾಧ್ಯವಾದದ್ದು ಬೀದಿಗೆ ಸಾಧ್ಯವಾಗಿಲ್ಲ.

ಗುಂಡ್ಲುಪೇಟೆಯಲ್ಲಿ ಇನ್ನೊಂದು ಬಗೆಯ ಬದಲಾವಣೆ ಕಾಣುತ್ತದೆ. ಅಲ್ಲೂ ಹಳೇ ಊರು, ವಿಜಯನಾರಾಯಣನ ಗುಡಿ, ಸುತ್ತ ಬೀದಿಗಳಿವೆ. ರಾಜ್ಯದ ವಿಧಾನಸಭೆಗೆ ಮೊದಲ ಮಹಿಳಾ ಸ್ಪೀಕರ್ ಆದ ಕೆ.ಎಸ್. ನಾಗರತ್ನಮ್ಮನವರನ್ನು ಮತ್ತೆಮತ್ತೆ ಗೆಲ್ಲಿಸಿದ ಊರು ಅದು. ಆದರೆ ಊರಿನ ಜೀವ ಈಗ ಹೆದ್ದಾರಿಯಲ್ಲಿದೆ. ಒಂದು ಕವಲು ವಯನಾಡಿಗೆ, ಇನ್ನೊಂದು ಊಟಿಗೆ. 2009ರಿಂದ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಮುಚ್ಚಿದ ಮೇಲೆ ಹೊತ್ತು ಮೀರಿದ ಲಾರಿ, ಕಾರುಗಳು ಇಲ್ಲೇ ನಿಲ್ಲುತ್ತವೆ. ಹೋಟೆಲಿನ ಬೋರ್ಡ್‌ಗಳಲ್ಲಿ ಮಲಯಾಳ, ಓಣಂ ಹೊತ್ತಿಗೆ ಚೆಂಡುಹೂವಿನ ವ್ಯಾಪಾರಿಗಳು, ಹೊಲ ಗುತ್ತಿಗೆ ಹಿಡಿದ ಕೇರಳದ ಶುಂಠಿ ಬೆಳೆಗಾರರು. ಹೆದ್ದಾರಿಯ ಲಾಡ್ಜಿನಲ್ಲಿ ಕೇಳುವುದು ಆಧಾರ್ ಕಾರ್ಡ್ ಮಾತ್ರ. ಯಾವ ಬೀದಿಯವರು ಎಂದು ಕೇಳುತ್ತಾ ಕೂತರೆ ವ್ಯಾಪಾರ ನಡೆಯುವುದಿಲ್ಲ. ದುಡ್ಡು ಎಲ್ಲವನ್ನೂ ಸರಿಮಾಡುತ್ತದೆ ಎಂದು ನಾನು ಹೇಳಲಾರೆ. ಆದರೂ ಹೆದ್ದಾರಿಯಲ್ಲಿ ಅನ್ಯರ ಜೊತೆ ಒಂದು ರಾತ್ರಿ ಕಳೆಯಲು ಅಭ್ಯಂತರವಿಲ್ಲದ ಊರು, ಅರ್ಧ ಮೈಲಿ ಒಳಗೆ ಬಂದ ಕೂಡಲೇ ಬೇರೆ ನಿಯಮ ತೆಗೆಯುತ್ತದೆ ಎಂಬುದನ್ನು ಗಮನಿಸಬೇಕು. ಜನ ಒಪ್ಪುವುದಿಲ್ಲ ಎಂಬುದು ಪ್ರಕೃತಿ ನಿಯಮ ಆಗಿದ್ದರೆ ಹೆದ್ದಾರಿಯಲ್ಲೂ ಒಪ್ಪುತ್ತಿರಲಿಲ್ಲ.

ಪರಂಪರೆ ಉಳಿಸಬೇಕೆನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆ ತೊಟ್ಟಿಮನೆಗಳು ಬಿದ್ದರೆ ಮತ್ತೆ ಕಟ್ಟುವವರಿಲ್ಲ. ಊರು ಬಿಟ್ಟವರ ಜೊತೆ ಗಮಕ ಹೋಯಿತು, ವೀಣೆ ಹೋಯಿತು, ಪಂಚಾಂಗದ ಲೆಕ್ಕ ಹೋಯಿತು, ಅದು ನಷ್ಟವೇ. ಲಂಡನ್ನಿನ ಹಳೆಯ ಕೇರಿಗಳಿಗೆ ಹಣವಂತರು ಬಂದು ಬಡವರನ್ನು ಹೊರಹಾಕಿದ್ದನ್ನು ಕಂಡು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಆ ಪ್ರಕ್ರಿಯೆಗೆ ‘ಜೆಂಟ್ರಿಫಿಕೇಷನ್’ ಎಂಬ ಹೆಸರು ಕೊಟ್ಟರು. ಫೋರ್ಟ್ ಕೊಚ್ಚಿಯಲ್ಲಿ ಹಳೆಯ ಮನೆಗಳು ಪ್ರವಾಸಿಗರ ತಂಗುದಾಣವಾದದ್ದು ಕಣ್ಣ ಮುಂದಿದೆ. ಚಾಮರಾಜನಗರಕ್ಕೆ ಸದ್ಯ ಆ ಭಯವಿಲ್ಲ. ಪ್ರವಾಸಿಗರು ಬಂಡೀಪುರಕ್ಕೂ ಬಿಳಿಗಿರಿರಂಗನ ಬೆಟ್ಟಕ್ಕೂ ಹೋಗುತ್ತಾರೆ, ಇಲ್ಲಿ ಇಳಿಯುವವರು ಕಡಿಮೆ. ಮನೆ ಉಳಿಯಬೇಕೆಂದರೆ ಒಳಗೆ ಜನ ಬಾಳಬೇಕು. ಬೀಗ ಹಾಕಿದ ಪರಂಪರೆಗೆ ಗೆದ್ದಲೊಂದೇ ವಾರಸುದಾರ.

ಹಾಗಾದರೆ ಏನು ಮಾಡಬಹುದು? ಮಹಾರಾಷ್ಟ್ರ 2020ರಲ್ಲಿ ಜಾತಿಸೂಚಕ ಬೀದಿ ಹೆಸರುಗಳನ್ನು ಬದಲಿಸಲು ನಿರ್ಧರಿಸಿತು. ಇಲ್ಲೂ ಅದು ಬೇಕೆನ್ನುವವರಿದ್ದಾರೆ. ಬೋರ್ಡ್ ಬದಲಿಸುವುದಕ್ಕೆ ನನ್ನ ವಿರೋಧವಿಲ್ಲ; ಆದರೆ ಹೆಸರು ಬದಲಾದ ಬೀದಿಯಲ್ಲೂ ಜನ ಹಳೆಯ ಹೆಸರನ್ನೇ ಕೇಳಿ ತಿಳಿದುಕೊಳ್ಳುತ್ತಾರೆ. ಅದಕ್ಕಿಂತ ಗಟ್ಟಿಯಾದ ಕೆಲಸ ಸರ್ಕಾರದ ಕೈಯಲ್ಲೇ ಇದೆ. ಸಮಾಜ ಕಲ್ಯಾಣ ಇಲಾಖೆ, ಪರಿಶಿಷ್ಟ ಪಂಗಡಗಳ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆ, ಅಲ್ಪಸಂಖ್ಯಾತರ ಇಲಾಖೆ, ಇವೆಲ್ಲವೂ ಜಿಲ್ಲಾ ಕೇಂದ್ರದಲ್ಲಿ ವಿದ್ಯಾರ್ಥಿನಿಲಯ ನಡೆಸುತ್ತವೆ. ಒಂದೊಂದು ಇಲಾಖೆಯದು ಒಂದೊಂದು ಕಟ್ಟಡ. ಜಾಗ ಎಲ್ಲಿ ಅಗ್ಗವೋ ಅಲ್ಲಿ, ಎಂದರೆ ಊರಾಚೆ. ಬೆಟ್ಟದ ಪೋಡಿನಿಂದಲೋ ಕೇರಿಯಿಂದಲೋ ಓದಲು ಬಂದ ಹುಡುಗಿ ಇಲ್ಲೂ ತನ್ನ ಜಾತಿಯ ಕಟ್ಟಡದಲ್ಲೇ, ಊರಿನ ಹೊರಗೇ ಇರುತ್ತಾಳೆ. ನಾವೇ ತೆರಿಗೆ ಕೊಟ್ಟು ಹೊಸದೊಂದು ಕೇರಿ ಕಟ್ಟಿಕೊಟ್ಟಿದ್ದೇವೆ.

ಬೀಗ ಬಿದ್ದ ನಾಲ್ಕಾರು ದೊಡ್ಡ ಮನೆಗಳನ್ನು ನಗರಸಭೆಯೋ ಇಲಾಖೆಯೋ ದೀರ್ಘ ಗುತ್ತಿಗೆಗೆ ತೆಗೆದುಕೊಳ್ಳಲಿ. ಕಂಬ, ತೊಟ್ಟಿ, ಜಗಲಿ ಕೆಡದಂತೆ ದುರಸ್ತಿ ಮಾಡಿಸಲಿ. ಎಲ್ಲ ಇಲಾಖೆಗಳ ವಿದ್ಯಾರ್ಥಿನಿಯರನ್ನೂ ಬೆರಸಿ ಅಲ್ಲಿರಿಸಲಿ. ಮಾಲೀಕರಿಗೆ ಮೈಸೂರಿನಲ್ಲಿ ಕೂತೇ ಬಾಡಿಗೆ ಸಿಗುತ್ತದೆ, ಮನೆ ಉಳಿಯುತ್ತದೆ, ಪಕ್ಕದ ಮನೆಯವರಿಗೆ ಅಂಜುವ ಕಷ್ಟವೂ ತಪ್ಪುತ್ತದೆ, ಯಾಕೆಂದರೆ ಬಾಡಿಗೆದಾರ ಸರ್ಕಾರ. ಅಡಿಗೆಯಲ್ಲಿ ಮೊಟ್ಟೆ ಬೇಯುತ್ತದೆ, ವಾರಕ್ಕೊಮ್ಮೆ ಕೋಳಿಯೂ ಬೇಯುತ್ತದೆ. ಮೊದಲ ತಿಂಗಳು ಅರ್ಜಿಗಳು ಬರುತ್ತವೆ, ಜಿಲ್ಲಾಧಿಕಾರಿ ಕಚೇರಿಗೆ ನಿಯೋಗ ಹೋಗುತ್ತದೆ. ಹೋಗಲಿ. ಪಿಸುಮಾತಿನಲ್ಲಿದ್ದ ಪ್ರಶ್ನೆ ಅರ್ಜಿಯ ರೂಪದಲ್ಲಿ, ಸಹಿಯೊಂದಿಗೆ, ತಾರೀಖಿನೊಂದಿಗೆ ಮೇಜಿನ ಮೇಲೆ ಬರುವುದು ಒಳ್ಳೆಯದೇ. ಆಗ ಅದಕ್ಕೆ ಕಾನೂನು ಉತ್ತರ ಕೊಡಬಲ್ಲದು. ತೇರಿನ ದಿನ ಊರಿಗೆ ಬರುವ ಹಳೆಯ ಮನೆಯವರು ತಮ್ಮದೇ ಬಾಗಿಲು ತಟ್ಟಿದರೆ ಒಳಗಿನಿಂದ ಯಳಂದೂರಿನ ಹುಡುಗಿಯೋ ಹನೂರಿನ ಹುಡುಗಿಯೋ ಬಂದು, ‘ಯಾರು ಬೇಕಿತ್ತು?’ ಎಂದು ಕೇಳಿಯಾಳು. ಅದಕ್ಕೆ ಉತ್ತರವನ್ನು ಅವರು ಈಗಿನಿಂದಲೇ ಯೋಚಿಸಿಟ್ಟುಕೊಳ್ಳಬಹುದು.